ಆ 26 ಸೆಕೆಂಡ್‌ಗಳ ಲೆಕ್ಕ

ಸಿಯಾಟಲ್‌ನಲ್ಲಿರುವ ಓದುಗರೊಬ್ಬರು ತಮ್ಮೂರಿನ ಸೀಹಾಕ್ಸ್ ತಂಡ ಸೋತ 2015ರ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್‌ನ ಫೈನಲ್) ನೆನೆದು ಸಿಟ್ಟಿನಿಂದ ಬರೆದಿದ್ದಾರೆ: 'ಬೇಕಿದ್ದದ್ದು ಒಂದೇ ಗಜ. ನಮ್ಮ ಓಟಗಾರ ಮಾರ್ಷಾನ್ ಲಿಂಚ್ ಕೈಗೆ ಚೆಂಡು ಕೊಡೋದು ಬಿಟ್ಟು ಪಾಸ್ ಎಸೆಯಿಸಿದ ಪೀಟ್ ಕ್ಯಾರಲ್‌ಗಿಂತ ದಡ್ಡ ಕೋಚ್ ಇಲ್ಲ. ಗಡಿಯಾರ ನಿಲ್ಲಿಸೋ ಟೈಮ್‌ಔಟ್ ಕೇಳದೆ ಸುಮ್ನೆ ನಿಂತ ಪೇಟ್ರಿಯಟ್ಸ್ ಕೋಚ್ ಬೆಲಿಚಿಕ್ ಮಹಾ ಜಾಣ. ನೀವೇನಂತೀರಿ?'

ನಮಸ್ಕಾರ. ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ತೀರ್ಪು ಒಪ್ಪುವುದಿಲ್ಲ. ಸೋತವರು ದಡ್ಡರು, ಗೆದ್ದವರು ಜಾಣರು ಅಂತ ಆಟ ಮುಗಿದ ಮೇಲೆ ಯಾರು ಬೇಕಾದರೂ ಹೇಳಬಹುದು. ಆ ಹೊತ್ತಿಗೆ ಗಡಿಯಾರದಲ್ಲಿ ಎಷ್ಟಿತ್ತು ಅಂತ ನೋಡಬೇಕಲ್ವಾ?

ಪೇಟ್ರಿಯಟ್ಸ್ 28, ಸೀಹಾಕ್ಸ್ 24. ಫಸ್ಟ್ ಡೌನ್‌ನಲ್ಲಿ, ಅಂದರೆ ಸಿಗುವ ನಾಲ್ಕು ಅವಕಾಶಗಳಲ್ಲಿ ಮೊದಲನೆಯದರಲ್ಲಿ, ಲಿಂಚ್ ನಾಲ್ಕು ಗಜ ಓಡಿ, ಗೋಲ್ ಗೆರೆಗೆ ಒಂದು ಗಜ ಇರುವಾಗ ಬಿದ್ದ. ಆಗ ಸುಮಾರು ಒಂದು ನಿಮಿಷ ಉಳಿದಿತ್ತು. ಮುಂದಿನ ಪ್ಲೇ ಶುರುವಾಗುವ ಹೊತ್ತಿಗೆ 26 ಸೆಕೆಂಡ್. ಸಿಯಾಟಲ್‌ಗೆ ಇನ್ನೂ ಮೂರು ಅವಕಾಶ ಇದ್ದವು, ಟೈಮ್‌ಔಟ್ ಮಾತ್ರ ಒಂದೇ. ಓಡುವವನನ್ನು ಮೈದಾನದೊಳಗೇ ಕೆಡವಿದರೆ ಗಡಿಯಾರ ನಿಲ್ಲುವುದಿಲ್ಲ. ಪಾಸ್ ಯಾರಿಗೂ ಸಿಗದೆ ನೆಲಕ್ಕೆ ಬಿದ್ದರೆ ನಿಲ್ಲುತ್ತದೆ. ಈಗ ನೀವು ಹೇಳಿದ ಹಾಗೇ ಆಡಿ ನೋಡೋಣ. ಲಿಂಚ್ ಓಡಿದ, ತಡೆದರು, ಟೈಮ್‌ಔಟ್ ಖಾಲಿ. ಮತ್ತೆ ಓಡಿದ, ಮತ್ತೆ ತಡೆದರು. ಒಬ್ಬರ ಮೇಲೊಬ್ಬರು ಬಿದ್ದ ಆ ದಢೂತಿ ಆಟಗಾರರೆಲ್ಲ ಎದ್ದು, ಸಾಲಾಗಿ ನಿಂತು, ಫೋರ್ತ್ ಡೌನ್ ಆಡುವಷ್ಟರಲ್ಲಿ ಸಮಯ ಮುಗಿದೇ ಹೋಗಬಹುದು. ಮೂರೂ ಅವಕಾಶ ಕೈಯಲ್ಲಿರಬೇಕು ಅಂದರೆ ಒಂದಾದರೂ ಪಾಸ್ ಬೇಕು, ಅದನ್ನು ಸೆಕೆಂಡ್ ಡೌನ್‌ನಲ್ಲೇ ಮುಗಿಸಿಕೊಳ್ಳುವುದು ಸರಿಯಾದ ಲೆಕ್ಕ. ಇನ್ನೊಂದು ಮಾತು. ಲಿಂಚ್ ಆ ಸೀಸನ್‌ನಲ್ಲಿ ಒಂದು ಗಜದಿಂದ ಐದು ಸಲ ಓಡಿ, ಒಂದೇ ಸಲ ಗೆರೆ ದಾಟಿದ್ದ.

ಎಡವಿದ್ದು ಯಾವ ಪಾಸ್ ಅನ್ನೋದರಲ್ಲಿ. ಸೀಹಾಕ್ಸ್ ಪರ ಪಾಸ್ ಎಸೆಯುವ ರಸೆಲ್ ವಿಲ್ಸನ್ ಪಕ್ಕಕ್ಕೆ ಓಡಿ ನೋಡಬಹುದಿತ್ತು, ಯಾರೂ ಸಿಗದಿದ್ದರೆ ಚೆಂಡನ್ನು ಗ್ಯಾಲರಿ ಕಡೆ ಎಸೆದುಬಿಡಬಹುದಿತ್ತು. ಅದು ಬಿಟ್ಟು ಜನ ಕಿಕ್ಕಿರಿದ ಕಡೆಗೇ ಎಸೆಯಿಸಿದರು. ಚೆಂಡು ಹಿಡಿಯಬೇಕಿದ್ದ ಲಾಕೆಟ್‌ಗೆ ದಾರಿ ಮಾಡಿಕೊಡಬೇಕಿದ್ದ ಕರ್ಸ್‌ನನ್ನು ಪೇಟ್ರಿಯಟ್ಸ್‌ನ ಬ್ರೌನರ್ ನಿಂತಲ್ಲೇ ಹಿಡಿದು ನಿಲ್ಲಿಸಿದ. ಈ ಬ್ರೌನರ್ ಹಿಂದಿನ ವರ್ಷದವರೆಗೆ ನಿಮ್ಮ ಸೀಹಾಕ್ಸ್‌ನಲ್ಲೇ ಇದ್ದವನು! ಅವನ ಹಿಂದಿದ್ದ ಮಾಲ್ಕಮ್ ಬಟ್ಲರ್‌ಗೆ ದಾರಿ ಖಾಲಿ ಸಿಕ್ಕಿತು. ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿದ್ದ ಹುಡುಗ ಅವನು. ಪ್ರಾಕ್ಟೀಸ್‌ನಲ್ಲಿ ಇದೇ ಪ್ಲೇಗೆ ಏಮಾರಿದ್ದ, ಈ ಸಲ ಲಾಕೆಟ್‌ಗಿಂತ ಮೊದಲೇ ನುಗ್ಗಿ ಚೆಂಡು ಕಿತ್ತುಕೊಂಡ.

ಇನ್ನು ಬೆಲಿಚಿಕ್. ಅವರ ಹತ್ತಿರ ಎರಡು ಟೈಮ್‌ಔಟ್ ಇದ್ದವು, ಆದರೂ ಗಡಿಯಾರ ನಿಲ್ಲಿಸಲಿಲ್ಲ. ಲಿಂಚ್ ಗೆರೆ ದಾಟಿಬಿಟ್ಟಿದ್ದರೆ ಪೇಟ್ರಿಯಟ್ಸ್ ಪರ ಪಾಸ್ ಎಸೆಯುವ ಟಾಮ್ ಬ್ರಾಡಿಗೆ ತಿರುಗಿ ಸ್ಕೋರ್ ಮಾಡಲು ಉಳಿಯುತ್ತಿದ್ದದ್ದು 20 ಸೆಕೆಂಡ್ ಅಷ್ಟೇ. ಆಗ ನೀವೇ ಅವರನ್ನು ಏನಂತ ಕರೆಯುತ್ತಿದ್ದಿರಿ?

ನಿಜಕ್ಕೂ ಕ್ಷಮಿಸೋಕಾಗದ್ದು ನೋಡಬೇಕು ಅಂದರೆ 2017ರ ಸೂಪರ್ ಬೌಲ್ ನೋಡಿ. ಇದೇ ಪೇಟ್ರಿಯಟ್ಸ್ ವಿರುದ್ಧ ಒಂದು ಹಂತದಲ್ಲಿ 28-3 ಮುಂದಿದ್ದ ಅಟ್ಲಾಂಟಾ ಫಾಲ್ಕನ್ಸ್, 28-20 ಆದಾಗಲೂ ಆರಾಮಾಗಿ ಗೆಲ್ಲಬಹುದಿತ್ತು. ಐದು ನಿಮಿಷವೂ ಉಳಿದಿರಲಿಲ್ಲ. ಫಾಲ್ಕನ್ಸ್‌ನ ಹೂಲಿಯೊ ಜೋನ್ಸ್ ಅಂಚಿನಲ್ಲಿ ಅದ್ಭುತ ಕ್ಯಾಚ್ ಹಿಡಿದು ಚೆಂಡನ್ನು ಎದುರಾಳಿಯ 22ನೇ ಗಜಕ್ಕೆ ತಂದಿದ್ದ. ಸುಮ್ನೆ ಮೂರು ಸಲ ಓಡಿದ್ದರೆ ಗಡಿಯಾರ ಕರಗುತ್ತಿತ್ತು, ಇಲ್ಲವೇ ಪೇಟ್ರಿಯಟ್ಸ್ ಟೈಮ್‌ಔಟ್‌ಗಳು ಕರಗುತ್ತಿದ್ದವು. ಆಮೇಲೆ ಸುಮಾರು 40 ಗಜದ ಫೀಲ್ಡ್ ಗೋಲ್, ಅಂದರೆ ಮೂರು ಪಾಯಿಂಟ್ ತರುವ ಒದೆತ. ಹೊಡೆದಿದ್ದರೆ 11 ಪಾಯಿಂಟ್ ಅಂತರ, ಎದುರಾಳಿಗೆ ಎರಡು ಸಲ ಸ್ಕೋರ್ ಮಾಡದೆ ಗತಿಯಿಲ್ಲ. ಒಂದು ಸಲ ಓಡಿಸಿ ಮತ್ತೆ ಪಾಸ್‌ಗೆ ಹೋದರು. ಪಾಸ್ ಎಸೆಯಬೇಕಿದ್ದ ಮ್ಯಾಟ್ ರಯನ್‌ನನ್ನು ಹಿಡಿದು ಕೆಡವಿದರು, 12 ಗಜ ಹೋಯಿತು. ಮುಂದಿನ ಪ್ಲೇಯಲ್ಲಿ ಎದುರಾಳಿಯನ್ನು ಹಿಡಿದಿಟ್ಟ ತಪ್ಪಿಗೆ (ಹೋಲ್ಡಿಂಗ್) ಇನ್ನೂ 10 ಗಜ. ಕೊನೆಗೆ ಪಂಟ್, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಟ್ಟರು. ಬ್ರಾಡಿಗೆ ಮೂರೂವರೆ ನಿಮಿಷ ಸಿಕ್ಕಿತು, ಓವರ್‌ಟೈಮ್‌ನಲ್ಲಿ ಪೇಟ್ರಿಯಟ್ಸ್ 34-28ರಿಂದ ಗೆದ್ದಿತು.

ಇಲ್ಲಿ ಪಾಸ್ ಎಸೆಯೋಕೆ ಕಾರಣವೇ ಇರಲಿಲ್ಲ. ಆ ಪ್ಲೇ ಹೇಳಿದವರು ಫಾಲ್ಕನ್ಸ್‌ನ ಆಫೆನ್ಸ್ ನೋಡಿಕೊಳ್ಳುತ್ತಿದ್ದ ಕೈಲ್ ಶಾನಹಾನ್, ಹೆಡ್ ಕೋಚ್ ಡ್ಯಾನ್ ಕ್ವಿನ್. ಈ ಕ್ವಿನ್ ಎರಡು ವರ್ಷ ಹಿಂದೆ ಅದೇ ಸಿಯಾಟಲ್‌ನ ಡಿಫೆನ್ಸ್ ನೋಡಿಕೊಳ್ಳುತ್ತಿದ್ದರು, ಬಟ್ಲರ್ ಚೆಂಡು ಕಿತ್ತುಕೊಂಡಾಗ ಸೈಡ್‌ಲೈನ್‌ನಲ್ಲೇ ಇದ್ದರು. ಕ್ಯಾರಲ್ ಮೇಲಿರುವ ನಿಮ್ಮ ಸಿಟ್ಟನ್ನು ಈ ಇಬ್ಬರ ಮೇಲೆ ತಿರುಗಿಸಿದರೆ ನಾನೂ ನಿಮ್ಮ ಜೊತೆಗಿದ್ದೇನೆ.