ಠಾಣೆಯಲ್ಲಿ ಹೊಡೆದು, ಕೇಸೂ ಹಾಕದೆ ಬಿಟ್ಟು ಕಳಿಸಿದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಕೊಡಗಿನ ತೋಟವೊಂದರ ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ಕಳುವಾಗಿದೆ. ಲೈನ್ ಮನೆಯಲ್ಲಿರುವ (ತೋಟದ ಕಾರ್ಮಿಕರ ಸಾಲುಮನೆ) ತಮ್ಮನನ್ನು ಅನುಮಾನದ ಮೇಲೆ ಠಾಣೆಗೆ ಕರೆದೊಯ್ದು, ಲಾಠಿಯಲ್ಲಿ ಹೊಡೆದು, ರಾತ್ರಿ ಬಿಟ್ಟಿದ್ದಾರೆ. ಎಫ್‌ಐಆರ್ ಇಲ್ಲ, ಬಂಧನದ ಕಾಗದವೂ ಇಲ್ಲ. ದೂರು ಯಾರಿಗೆ ಕೊಡಬೇಕು?

ದೂರು ನಾಳೆ ಬರೆದರೂ ನಡೆಯುತ್ತದೆ, ಆಸ್ಪತ್ರೆಗೆ ಇವತ್ತೇ ಹೋಗಿ. ಬಾಸುಂಡೆ ಐದಾರು ದಿನಕ್ಕೆ ಹಸಿರಾಗಿ, ಆಮೇಲೆ ಹಳದಿಯಾಗಿ, ಎರಡು ವಾರದೊಳಗೆ ಮಾಸಿಹೋಗುತ್ತದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಾಗಲಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಾಗಲಿ, ಎಂಎಲ್‌ಸಿ, ಅಂದರೆ ಕಾನೂನು ಪ್ರಕರಣವೆಂದು ಗಾಯದ ದಾಖಲೆ, ಮಾಡಿಸಿ. ಕೇಸು ಕೆಡುವುದು ಹೆಚ್ಚಾಗಿ ಇಲ್ಲೇ: ಗಾಯ ಹೇಗಾಯಿತು ಎಂದು ವೈದ್ಯರು ಮೊದಲೇ ಕೇಳಿ ಬರೆದುಕೊಳ್ಳುತ್ತಾರೆ. ಹೆದರಿ 'ಜಾರಿ ಬಿದ್ದೆ' ಎಂದುಬಿಟ್ಟರೆ ಆ ಒಂದು ಸಾಲು ಕೊನೆತನಕ ಬೆನ್ನು ಬಿಡುವುದಿಲ್ಲ. ಪೊಲೀಸರು ಹೊಡೆದರು, ಯಾವುದರಲ್ಲಿ, ಎಷ್ಟು ಹೊತ್ತಿಗೆ ಎಂದು ಬಾಯಿಬಿಟ್ಟು ಹೇಳಬೇಕು. ಲಾಠಿ ಏಟಿಗೆ ಎರಡು ಸಮಾನಾಂತರ ಕೆಂಪು ಗೆರೆ, ನಡುವೆ ಬಿಳಚಿದ ಪಟ್ಟಿ ಮೂಡುವುದುಂಟು. ಬಿದ್ದ ಗಾಯ ಹಾಗೆ ಕಾಣುವುದಿಲ್ಲ. ಅಂಗಾಲನ್ನೂ ತೋರಿಸಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ, ಮೂರು ದಿನ ಬಿಟ್ಟು ಇನ್ನೊಮ್ಮೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಂದು ಗಳಿಗೆಯೂ ಕಾಯಬೇಡಿ. ಸ್ನಾಯು ಜಜ್ಜಿ ಮೂತ್ರಪಿಂಡಕ್ಕೆ ಪೆಟ್ಟಾಗುವ ಲಕ್ಷಣ ಅದು.

ಎರಡನೆಯದು, ತಮ್ಮ ಠಾಣೆಯಲ್ಲಿದ್ದ ಎಂಬುದಕ್ಕೆ ಸಾಕ್ಷಿ. 'ನಾವು ಕರೆದೇ ಇಲ್ಲ' ಎಂಬ ಉತ್ತರ ಬರಬಹುದು. ವಿಚಾರಣೆಗೆ ಕರೆದಿದ್ದೆವು, ಬಂಧಿಸಿಲ್ಲ ಎಂದರೂ, ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 35(3)ರ ಪ್ರಕಾರ ಆರೋಪಿಯನ್ನು ಬಂಧಿಸದೆ ಕರೆಯಲು ನೋಟಿಸ್ ಕೊಡಬೇಕಿತ್ತು. ತೋಟದ ಹಾಜರಿ ಪುಸ್ತಕದಲ್ಲಿ ಆ ದಿನದ ಗೈರು, ಜೀಪು ಬಂದದ್ದನ್ನು ಕಂಡ ಮೇಸ್ತ್ರಿ ಅಥವಾ ರೈಟರ್ (ತೋಟದ ಲೆಕ್ಕ ಬರೆಯುವವರು), ಫೋನ್ ಕರೆಗಳ ವಿವರ, ಎಲ್ಲವೂ ಬೇಕಾಗುತ್ತದೆ. (ಕಳವಿನ ದೂರು ಕೊಟ್ಟವರು ತೋಟದ ಮಾಲೀಕರೇ ಆಗಿದ್ದರೆ ರೈಟರ್ ಬಾಯಿ ಬಿಡುವುದು ಕಷ್ಟ, ಅಷ್ಟು ಗೊತ್ತಿರಲಿ.)

ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯ 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ಅದನ್ನೇ ನಂಬಿ ಕೂರಬೇಡಿ. ತಾರೀಖು, ಒಳಹೋದ ಮತ್ತು ಹೊರಬಂದ ಹೊತ್ತು ಬರೆದು, ದೃಶ್ಯ ಅಳಿಸದೆ ಕಾದಿಡಿ ಎಂದು ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಜೊತೆಗೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ: ಆ ದಿನದ ಠಾಣಾ ದಿನಚರಿಯ ನಕಲು ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಗೋಳೆಲ್ಲ ಅದರಲ್ಲಿ ತುಂಬಿದರೆ ಹಿಂಬರಹದೊಂದಿಗೆ ವಾಪಸ್ ಬರುತ್ತದೆ.

ಇನ್ನು ದೂರು. ತಪ್ಪೊಪ್ಪಿಸಲು ಹೊಡೆಯುವುದು ಬಿಎನ್‌ಎಸ್ (ಹಳೆಯ ಐಪಿಸಿ ಬದಲಿಗೆ ಬಂದ ಕಾನೂನು) 120ರಡಿ ಅಪರಾಧ, 7 ವರ್ಷದವರೆಗೆ ಶಿಕ್ಷೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಲಿಖಿತವಾಗಿ, ಅಲ್ಲೂ ಆಗದಿದ್ದರೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯಕ್ಕೆ. ನೇರ ಕೋರ್ಟಿಗೇ ಹೋಗುವ ಆತುರ ಬೇಡ ಎನ್ನುತ್ತೇನೆ. ಮೊದಲು ಎಸ್‌ಪಿಗೆ ಕೊಟ್ಟ ದಾಖಲೆ ಬೇಕು. ಮೇಲಾಗಿ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಹಿಡಿದು, ಪೊಲೀಸರ ಮೇಲೆ ಕೇಸು ನಡೆಸಲು ಸರ್ಕಾರದ ಪೂರ್ವಾನುಮತಿ ಇಲ್ಲ ಎಂಬ ವಾದ ಬಂದೇ ಬರುತ್ತದೆ. ಕರ್ತವ್ಯಕ್ಕೆ ನಂಟಿರುವ ಅತಿರೇಕಕ್ಕೂ ಅನುಮತಿ ಬೇಕೆಂದು 2020ರಲ್ಲಿ ನಮ್ಮ ರಾಜ್ಯದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ವಕೀಲರಿಲ್ಲದೆ ಈ ಹೆಜ್ಜೆ ಇಡಬೇಡಿ. ತಮ್ಮ ಯರವ, ಜೇನುಕುರುಬರಂಥ ಪರಿಶಿಷ್ಟ ಪಂಗಡದವನಾದರೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ; ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲ, ಘಟನೆಯಾಗಿ ಒಂದು ವರ್ಷದೊಳಗೆ ಬರೆಯಬೇಕು.

ಮತ್ತೆ ಠಾಣೆಗೆ ಕರೆದರೆ ನೋಟಿಸ್ ಕೇಳಿ, ವಕೀಲರ ಜೊತೆ ಹೋಗಲಿ. ನಡುವೆ ಯಾರಾದರೂ ರಾಜಿ ಮಾತಿಗೆ ಬಂದರೆ ಖಾಲಿ ಹಾಳೆಗೆ ಮಾತ್ರ ಸಹಿ ಹಾಕದಿರಲಿ.