ಕೊಲೆಗಾರ ಸಿಕ್ಕ ಮೇಲೆ

ಪ್ರಿಯ ಲೇಖಕರೇ,

ಅಮೆರಿಕದ ಪತ್ತೇದಾರಿ ಕಾದಂಬರಿಗಳಲ್ಲಿನ ಸಮಾಜವಿಮರ್ಶೆಯ ಬಗ್ಗೆ ನೀವು ಕಳುಹಿಸಿದ ಲೇಖನ ಓದಿದೆ. ಶ್ರಮಪಟ್ಟಿದ್ದೀರಿ, ಭಾಷೆ ಶುದ್ಧವಾಗಿದೆ. ಆದರೆ ಎರಡನೇ ಪುಟದ ಒಂದು ವಾಕ್ಯ ನನ್ನನ್ನು ಕೆರಳಿಸಿತು: ‘ಡ್ಯಾಶೀಲ್ ಹ್ಯಾಮೆಟ್‌ನ ರೆಡ್ ಹಾರ್ವೆಸ್ಟ್ ಕೇವಲ ಪತ್ತೇದಾರಿ ಕಾದಂಬರಿಯಲ್ಲ, ಆ ಮಿತಿಯನ್ನು ದಾಟಿ ಬಂಡವಾಳಶಾಹಿಯ ಕ್ರೌರ್ಯವನ್ನು ಬಯಲಿಗೆಳೆಯುತ್ತದೆ.’

ಯಾವ ಮಿತಿ? 1929ರಲ್ಲಿ ಪುಸ್ತಕವಾಗುವ ಮೊದಲು ಅದು ‘ಬ್ಲ್ಯಾಕ್ ಮಾಸ್ಕ್’ ಎಂಬ ಅಗ್ಗದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಪತ್ತೇದಾರಿಯ ಕಟ್ಟನ್ನು ತೆಗೆದರೆ ಅದರ ವಿಮರ್ಶೆಯೂ ಉಳಿಯುವುದಿಲ್ಲ. ಪರ್ಸನ್‌ವಿಲ್ ಎಂಬ ಗಣಿಯೂರಿಗೆ ಪತ್ತೇದಾರನನ್ನು ಕರೆಸಿದ ಡೊನಾಲ್ಡ್ ವಿಲ್ಸನ್, ಭೇಟಿಗೆ ಮೊದಲೇ ಕೊಲೆಯಾಗುತ್ತಾನೆ. ಕೊಂದವನು ಯಾರೆಂಬುದು ಕಾದಂಬರಿ ಅರ್ಧ ತಲುಪುವ ಮೊದಲೇ ತಿಳಿಯುತ್ತದೆ: ಹೊಟ್ಟೆಕಿಚ್ಚಿನ ಒಬ್ಬ ಬ್ಯಾಂಕ್ ನೌಕರ. ಬೇರೆ ಪತ್ತೇದಾರಿ ಕಥೆಯಾದರೆ ಅಲ್ಲಿಗೆ ಎಲ್ಲವೂ ಸರಿಹೋಗುತ್ತದೆ. ಇಲ್ಲಿ ಒಗಟು ಬಿಡಿಸಿದ ಮೇಲೂ ಊರು ಕೊಳೆಯುತ್ತಲೇ ಇದೆ. ಈ ಬಗೆಯ ಕಥೆ ಓದುವವನಿಗೆ ಅಭ್ಯಾಸವಾದ ಸಮಾಧಾನವನ್ನು ಹ್ಯಾಮೆಟ್ ಕಸಿದುಕೊಳ್ಳುವುದು ಇಲ್ಲಿಯೇ. ಇದರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

‘ಬಂಡವಾಳಶಾಹಿಯ ಕ್ರೌರ್ಯ’ ಎಂದಿದ್ದೀರಿ. ಎಲ್ಲಿದೆ, ತೋರಿಸಿ. ಸತ್ತವನ ತಂದೆ ಎಲಿಹು ವಿಲ್ಸನ್ ಗಣಿ, ಬ್ಯಾಂಕುಗಳ ಒಡೆಯ. ಮುಷ್ಕರ ಮುರಿಯಲು ಬಾಡಿಗೆ ಬಂದೂಕುಗಾರರನ್ನು ಕರೆತಂದ. ಮುಷ್ಕರ ಮುರಿಯಿತು, ಬಂದವರು ಹೋಗಲಿಲ್ಲ, ಊರನ್ನೇ ಹಂಚಿಕೊಂಡರು. ಹೆಣಗಳ ಮೇಲೆ ಹೆಣ ಬಿದ್ದು, ಕೊನೆಗೆ ಊರು ಮರಳುವುದು ಅದೇ ಮುದುಕನ ಕೈಗೆ. ಇಷ್ಟನ್ನು ಕ್ರಮವಾಗಿ ಹೇಳಿದ್ದರೆ ಆ ದೊಡ್ಡ ಮಾತೇ ಬೇಕಿರಲಿಲ್ಲ. ಹ್ಯಾಮೆಟ್ ಸ್ವತಃ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದವನು. ಮುಷ್ಕರ ಮುರಿಯಲು ಮಾಲೀಕರು ದುಡ್ಡು ಕೊಟ್ಟು ಕರೆಸುತ್ತಿದ್ದ ಸಂಸ್ಥೆ ಅದು. ಅದನ್ನು ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ!

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಅಲ್ಲಿನ ಸಂಪಾದಕರು ಪುಸ್ತಕ ವಿಮರ್ಶೆಗೆ ಮುನ್ನ ಒಂದು ಹಾಳೆ ಬರೆಸುತ್ತಿದ್ದರು. ಅದರಲ್ಲಿ ಅಭಿಪ್ರಾಯ ಕೂಡದು. ಯಾರು ಏನು ಮಾಡಿದರು, ಯಾರ ದುಡ್ಡಿನಿಂದ, ಲಾಭವಾದದ್ದು ಯಾರಿಗೆ, ಇಷ್ಟೇ. ಆ ಹಾಳೆ ಅವರ ಮೇಜಿಗೆ ಹೋಗದೆ ವಿಮರ್ಶೆ ಅಚ್ಚಿಗೆ ಹೋಗುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು. ಆದರೆ ಬರೆದು ಮುಗಿಸುವಷ್ಟರಲ್ಲಿ ಎಷ್ಟೋ ಸಲ ಪುಸ್ತಕವೇ ಬೇರೆಯಾಗಿ ಕಾಣುತ್ತಿತ್ತು. ಇಂದಿಗೂ ಹಾಗೆಯೇ ಓದುತ್ತೇನೆ.

ನೀವೂ ಅಂಥದೊಂದು ಹಾಳೆ ಬರೆದು, ಈ ಒಂದೇ ಕಾದಂಬರಿಯನ್ನು ಹಿಡಿದು ಲೇಖನವನ್ನು ಮತ್ತೆ ಕಳುಹಿಸಿ. ಇನ್ನೊಬ್ಬ ಕಾದಂಬರಿಕಾರ ಚೆಸ್ಟರ್ ಹೈಮ್ಸ್‌ನ ಪತ್ತೇದಾರರ, ನ್ಯೂಯಾರ್ಕಿನ ಕಪ್ಪುಜನರ ಬಡಾವಣೆ ಹಾರ್ಲೆಮ್‌ನವರ, ಬಗೆಗಿನ ಪುಟಗಳನ್ನು ಸದ್ಯಕ್ಕೆ ತೆಗೆದಿಡಿ. ಅದು ಬೇರೆಯದೇ ಲೇಖನ, ಅದನ್ನೂ ನಾನು ಓದಬೇಕು.