ಸ್ಟಾರ್ ಆಟಗಾರರೇ ಬಾರದ ಬೌಲ್ ಗೇಮ್ ಯಾರಿಗಾಗಿ?

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿನ ಕಾಲೇಜ್ ಫುಟ್‌ಬಾಲ್ ಹುಚ್ಚು ಅವನಿಗೂ ಹತ್ತಿದೆ. ಡಿಸೆಂಬರ್‌ನಲ್ಲಿ ಅವರ ಟೀಮ್ ಒಂದು ಬೌಲ್ ಗೇಮ್‌ಗೆ ಹೋಯಿತು. ಆದರೆ ಟೀಮಿನ ಒಳ್ಳೆಯ ಆಟಗಾರರೇ ಆಡಲಿಲ್ಲವಂತೆ. ಗೆದ್ದರೆ ಚಾಂಪಿಯನ್ ಆಗಲ್ಲ, ಸೋತರೆ ಏನೂ ಹೋಗಲ್ಲ. ಹಾಗಾದರೆ ಈ ಪಂದ್ಯ ಯಾಕೆ ಬೇಕು? ಯಾರಿಗಾದರೂ ಇದರಿಂದ ಉಪಯೋಗ ಉಂಟಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಉಂಟು. ಆದರೆ ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಮೊದಲು ವ್ಯವಸ್ಥೆ ಹೇಳಿಬಿಡುತ್ತೇನೆ. ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಬೌಲ್ ಗೇಮ್ ಅಂದರೆ ಸೀಸನ್ ಮುಗಿದ ಮೇಲೆ ಆಹ್ವಾನ ಪಡೆದ ಎರಡು ತಂಡಗಳು ಆಡುವ ಪಂದ್ಯ. ಕಾಲೇಜ್ ತಂಡಗಳು ಸಾಮಾನ್ಯವಾಗಿ ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ 12 ಪಂದ್ಯ ಆಡುತ್ತವೆ. ಅದರಲ್ಲಿ ಆರು ಗೆದ್ದರೆ ಬೌಲ್‌ಗೆ ಆಹ್ವಾನ ಬರುವ ಅರ್ಹತೆ ಸಿಗುತ್ತದೆ. ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್ ಬೇರೆ. 2014ರಲ್ಲಿ ನಾಲ್ಕು ತಂಡಗಳೊಂದಿಗೆ ಶುರುವಾಗಿ, 2024ರಲ್ಲಿ 12 ತಂಡಗಳಿಗೆ ಬೆಳೆಯಿತು. ರೋಸ್, ಶುಗರ್, ಆರೆಂಜ್, ಕಾಟನ್, ಫಿಯೆಸ್ಟಾ, ಪೀಚ್ ಎಂಬ ಆರು ದೊಡ್ಡ ಬೌಲ್‌ಗಳು ಈಗ ಅದರ ಕ್ವಾರ್ಟರ್‌ಫೈನಲ್, ಸೆಮಿಫೈನಲ್‌ಗಳು. ಅವುಗಳ ಬೆಲೆಯ ಬಗ್ಗೆ ಯಾರಿಗೂ ಅನುಮಾನ ಇಲ್ಲ. ನಿಮ್ಮ ಪ್ರಶ್ನೆ ಇರುವುದು ಉಳಿದ ಮೂವತ್ತಕ್ಕೂ ಜಾಸ್ತಿ ಬೌಲ್‌ಗಳ ಬಗ್ಗೆ.

ಈಗ ಆಟಗಾರನ ಕಡೆಯಿಂದ ನೋಡಿ. 2016ರ ಜನವರಿ 1ರಂದು ಫಿಯೆಸ್ಟಾ ಬೌಲ್‌ನಲ್ಲಿ ನಾಟರ್ ಡೇಮ್‌ನ ಜೇಲನ್ ಸ್ಮಿತ್ ಎಂಬ ಹುಡುಗನ ಮಂಡಿಯ ಲಿಗಮೆಂಟ್‌ಗಳು ಹರಿದವು, ನರಕ್ಕೂ ಏಟು ಬಿತ್ತು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜ್ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಮೊದಮೊದಲೇ ಹೋಗಬೇಕಾದವನು 34ನೆಯವನಾಗಿ ಹೋದ. ಮೊದಲ ವರ್ಷ ಪೂರ್ತಿ ಮೈದಾನಕ್ಕೆ ಇಳಿಯಲಿಲ್ಲ. ಉಳಿದವರೆಲ್ಲ ಇದನ್ನು ನೋಡಿದ್ದರು. ಅದೇ ವರ್ಷದ ಡಿಸೆಂಬರ್ 30ರಂದು ಸ್ಟ್ಯಾನ್‌ಫರ್ಡ್ ತಂಡ ಸನ್ ಬೌಲ್ ಆಡಿತು. ಅದರ ದೊಡ್ಡ ಆಟಗಾರ ಕ್ರಿಶ್ಚಿಯನ್ ಮೆಕ್ಯಾಫ್ರಿ ಆಡುವುದಿಲ್ಲ ಅಂತ ಮೊದಲೇ ಹೇಳಿದ್ದ. ಅದೇ ದಿನ ಆರೆಂಜ್ ಬೌಲ್‌ನಲ್ಲಿ ಮಿಶಿಗನ್‌ನ ಜೇಕ್ ಬಟ್ ಆಡಿದ. ಅವನ ಮಂಡಿಯ ಲಿಗಮೆಂಟ್ ಹರಿಯಿತು. ಮುಂದಿನ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಮೆಕ್ಯಾಫ್ರಿ ಮೊದಲ ಸುತ್ತಿನಲ್ಲೇ ಎಂಟನೆಯವನಾಗಿ ಹೋದ, ಬಟ್ ಐದನೇ ಸುತ್ತಿನವರೆಗೆ ಕಾಯಬೇಕಾಯಿತು. ಆ ಎರಡು ಜಾಗಗಳ ಸಂಬಳಕ್ಕೆ ಅಜಗಜಾಂತರ. ಹಾಗಾಗಿ ಕೂತುಕೊಂಡ ಹುಡುಗರನ್ನು ಸ್ವಾರ್ಥಿಗಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. 2021ರ ಜುಲೈವರೆಗೆ ಅವರು ತಮ್ಮದೇ ಹೆಸರಿನಿಂದ ಒಂದು ಡಾಲರ್ ದುಡಿಯಲೂ ನಿಯಮ ಬಿಡುತ್ತಿರಲಿಲ್ಲ. ಕೋಚ್‌ಗಳು ಮಾತ್ರ ಬೌಲ್‌ಗೆ ಮೊದಲೇ ಹೆಚ್ಚಿನ ಸಂಬಳಕ್ಕೆ ಬೇರೆ ಕಾಲೇಜಿಗೆ ಹೊರಡುತ್ತಿದ್ದರು. ಅವರನ್ನು ಇಷ್ಟು ಜೋರಾಗಿ ಬೈದವರನ್ನು ನಾನು ಕಂಡಿಲ್ಲ.

ಇದರ ಪರಿಣಾಮ ಮೈದಾನದಲ್ಲಿ ಕಾಣುತ್ತದೆ. 2023ರಲ್ಲಿ ಫ್ಲೋರಿಡಾ ಸ್ಟೇಟ್ 13 ಪಂದ್ಯವನ್ನೂ ಗೆದ್ದಿತ್ತು. ಆದರೂ ಅದರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವ ಆಟಗಾರ) ಗಾಯಗೊಂಡಿದ್ದಕ್ಕೆ ಪ್ಲೇಆಫ್ ಸಮಿತಿ ಆ ತಂಡವನ್ನು ಹೊರಗಿಟ್ಟಿತು. ಬೇಸರಗೊಂಡ ಆಟಗಾರರು ಸಾಲುಸಾಲಾಗಿ ಹೊರನಡೆದರು. ಉಳಿದವರನ್ನು ಕಟ್ಟಿಕೊಂಡು ಆರೆಂಜ್ ಬೌಲ್ ಆಡಿದ ತಂಡ ಜಾರ್ಜಿಯಾ ಎದುರು 63–3ರಲ್ಲಿ ಸೋತಿತು. ಬೌಲ್ ಇತಿಹಾಸದಲ್ಲೇ ಇಷ್ಟು ದೊಡ್ಡ ಅಂತರದ ಸೋಲು ಇನ್ನೊಂದಿಲ್ಲ. 2025ರ ಡಿಸೆಂಬರ್‌ನಲ್ಲಿ ಪ್ಲೇಆಫ್ ತಪ್ಪಿದ ನಾಟರ್ ಡೇಮ್ ಯಾವ ಬೌಲೂ ಬೇಡ ಅಂದುಬಿಟ್ಟಿತು. ಅಯೋವಾ ಸ್ಟೇಟ್, ಕ್ಯಾನ್ಸಸ್ ಸ್ಟೇಟ್ ಕೂಡ ಬರುವುದಿಲ್ಲ ಅಂದವು. ಅವೆರಡಕ್ಕೂ ಅವುಗಳ ಲೀಗ್ ತಲಾ 5 ಲಕ್ಷ ಡಾಲರ್ ದಂಡ ಹಾಕಿತು.

ಇಷ್ಟು ಕೇಳಿದ ಮೇಲೆ ಬೌಲ್‌ಗಳ ಕಥೆ ಮುಗಿಯಿತು ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಪ್ರಶಸ್ತಿಗೆ ಸಂಬಂಧ ಇಲ್ಲದಿರುವುದು ಹೊಸ ವಿಷಯವೇ ಅಲ್ಲ. 1902ರಲ್ಲಿ ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ನಡೆದ ಮೊದಲ ಬೌಲ್ ಪಂದ್ಯವೇ ಹೊಸವರ್ಷದ ಹೂವಿನ ಉತ್ಸವದ ಜೊತೆಗಿನ ಮನರಂಜನೆ. ಮಿಶಿಗನ್ ತಂಡ ಸ್ಟ್ಯಾನ್‌ಫರ್ಡ್ ವಿರುದ್ಧ 49–0ರಲ್ಲಿ ಗೆದ್ದಿತು. ಪಂದ್ಯ ಎಷ್ಟು ಏಕಪಕ್ಷೀಯ ಆಯಿತೆಂದರೆ, ಆಯೋಜಕರು ಮುಂದಿನ ವರ್ಷಗಳಲ್ಲಿ ಫುಟ್‌ಬಾಲ್ ಬಿಟ್ಟು ರಥದ ಓಟವನ್ನೂ ಇಟ್ಟು ನೋಡಿದರು. ಫುಟ್‌ಬಾಲ್ ವಾಪಸ್ ಬಂದದ್ದು 1916ರಲ್ಲಿ. ಆಮೇಲೂ ದಶಕಗಟ್ಟಲೆ, ಅಂದರೆ 1968ರವರೆಗೆ, ಚಾಂಪಿಯನ್ ಯಾರೆಂದು ಹೇಳುತ್ತಿದ್ದ ಎ.ಪಿ. ಸುದ್ದಿಸಂಸ್ಥೆಯ ಕೊನೆಯ ರ‍್ಯಾಂಕಿಂಗ್ ಬಹುತೇಕ ಬೌಲ್‌ಗೆ ಮೊದಲೇ ಹೊರಬೀಳುತ್ತಿತ್ತು. ಜನ ಆಗಲೂ ಸ್ಟೇಡಿಯಂ ತುಂಬಿಸುತ್ತಿದ್ದರು.

2007ರ ಫಿಯೆಸ್ಟಾ ಬೌಲ್ ನೋಡಿ. ಐಡಾಹೊದ ಬೋಯ್ಸಿ ಸ್ಟೇಟ್ ಎಂಬ ಸಣ್ಣ ಲೀಗಿನ ತಂಡ, ಎದುರಿಗೆ ಒಕ್ಲಹೋಮಾ. ಹೆಚ್ಚುವರಿ ಅವಧಿಯಲ್ಲಿ 42–41ರ ಹಿನ್ನಡೆ. ಸ್ಕೋರ್ ಮಾಡಿದ ತಂಡಕ್ಕೆ ಸಿಗುವ ಹೆಚ್ಚುವರಿ ಯತ್ನದಲ್ಲಿ ಚೆಂಡು ಒದ್ದು ಒಂದು ಪಾಯಿಂಟ್ ತೆಗೆದು ಸಮ ಮಾಡಿಕೊಳ್ಳಬಹುದಿತ್ತು. ಕೋಚ್ ಕ್ರಿಸ್ ಪೀಟರ್ಸನ್ ಗೆಲುವು ತರುವ ಎರಡು ಪಾಯಿಂಟ್‌ಗೇ ಕೈಹಾಕಿದರು. ಕ್ವಾರ್ಟರ್‌ಬ್ಯಾಕ್ ಬಲಗಡೆಗೆ ಚೆಂಡು ಎಸೆದಂತೆ ಕೈ ಬೀಸಿದ, ಆದರೆ ಆ ಕೈ ಖಾಲಿ. ಚೆಂಡು ಎಡಗೈಯಲ್ಲಿ, ಬೆನ್ನ ಹಿಂದೆ ಇತ್ತು. ಇಯಾನ್ ಜಾನ್ಸನ್ ಅದನ್ನು ಕಿತ್ತುಕೊಂಡು ಎಡಗಡೆ ಖಾಲಿ ಜಾಗಕ್ಕೆ ಓಡಿದ. 43–42. ಆಮೇಲೆ ಮೈದಾನದಲ್ಲೇ, ಟಿ.ವಿ. ಕ್ಯಾಮೆರಾದ ಮುಂದೆ ಮಂಡಿಯೂರಿ ತನ್ನ ಹುಡುಗಿಯನ್ನು ಮದುವೆಯಾಗುತ್ತೀಯಾ ಅಂತ ಕೇಳಿದ. ಒಂದೂ ಪಂದ್ಯ ಸೋಲದ ಆ ತಂಡ ಚಾಂಪಿಯನ್ ಆಗಲಿಲ್ಲ, ಪ್ರಶಸ್ತಿ ಫ್ಲೋರಿಡಾಕ್ಕೆ ಹೋಯಿತು. ಆದರೆ ಆ ವರ್ಷದ ಫೈನಲ್‌ಗಿಂತ ಈ ಪಂದ್ಯವನ್ನೇ ಜನ ಇವತ್ತಿಗೂ ಹಾಕಿಕೊಂಡು ನೋಡುತ್ತಾರೆ.

ಅಷ್ಟು ದೊಡ್ಡ ಪಂದ್ಯವೇ ಆಗಬೇಕಿಲ್ಲ. ಓಹಾಯೊ ಯೂನಿವರ್ಸಿಟಿ ತನ್ನ ಮೊಟ್ಟಮೊದಲ ಬೌಲ್ ಗೆದ್ದದ್ದು 2011ರಲ್ಲಿ, ಬೋಯ್ಸಿಯ ನೀಲಿ ಮೈದಾನದಲ್ಲಿ, 24–23ರಲ್ಲಿ. ಪಂದ್ಯದ ಹೆಸರಲ್ಲಿ ಆಲೂಗಡ್ಡೆ ಇತ್ತು. ನಾರ್ತ್‌ವೆಸ್ಟರ್ನ್ 1949ರ ನಂತರ ಮತ್ತೊಂದು ಬೌಲ್ ಗೆಲ್ಲಲು 2013ರವರೆಗೆ, 64 ವರ್ಷ ಕಾಯಿತು. ಅವರಿಗೆ ಹೋಗಿ ಇದು ಸುಮ್ನೆ ಪಂದ್ಯ ಅಂತ ಹೇಳಲಾದೀತೇ?

ಇನ್ನೊಂದು ವಿಷಯ ಟಿ.ವಿ.ಯಲ್ಲಿ ಕಾಣುವುದಿಲ್ಲ. ಬೌಲ್‌ಗೆ ಹೋದ ತಂಡಕ್ಕೆ ಡಿಸೆಂಬರ್‌ನಲ್ಲೂ ಅಭ್ಯಾಸ ಮಾಡುವ ಅವಕಾಶ ಸಿಗುತ್ತದೆ. ಹೋಗದ ತಂಡ ಮನೆಗೆ ಹೋಗುತ್ತದೆ. ಸ್ಟಾರ್ ಆಟಗಾರ ಬಿಟ್ಟ ಜಾಗದಲ್ಲಿ ಮೊದಲ ವರ್ಷದ ಹುಡುಗ ನಿಂತು ಕಲಿಯುತ್ತಾನೆ. ಇನ್ನು ಡ್ರಾಫ್ಟ್ ಎಲ್ಲರ ಹಣೆಯಲ್ಲಿ ಬರೆದಿಲ್ಲ. ಕಾಲೇಜ್ ಆಟಗಾರರಲ್ಲಿ ನೂರಕ್ಕೆ ಇಬ್ಬರೂ ಅಲ್ಲಿ ಆಯ್ಕೆಯಾಗುವುದಿಲ್ಲ. ಉಳಿದ ಸೀನಿಯರ್‌ಗಳಿಗೆ ಹೆಲ್ಮೆಟ್ ಹಾಕಿಕೊಂಡು ಆಡುವ ಕೊನೆಯ ಆಟ ಬಹುಮಟ್ಟಿಗೆ ಇದೇ. ಪಂದ್ಯ ಉಳಿಯಬೇಕು ಅಂತ ನಾನು ಹೇಳುವುದು ಇವರ ಸಲುವಾಗಿ. ಸರಿ ಮಾಡಬೇಕಾದದ್ದು ಕ್ಯಾಲೆಂಡರ್. ಬೇರೆ ಕಾಲೇಜಿಗೆ ಹೋಗುವ ಟ್ರಾನ್ಸ್‌ಫರ್ ಅವಧಿ ಹಿಂದೆ ಡಿಸೆಂಬರ್‌ನಲ್ಲೇ ತೆರೆಯುತ್ತಿತ್ತು, ಬೌಲ್‌ಗಳ ಎದುರಿಗೇ. 2026ರಲ್ಲಿ ಅದನ್ನು ಜನವರಿ 2ರಿಂದ 16ಕ್ಕೆ ಒಯ್ದರು. ಇದು ಸರಿಯಾದ ಹೆಜ್ಜೆ.

ಪ್ರಶ್ನೆ: ಬೌಲ್ ಆಡಿದರೆ ಆಟಗಾರನ ಕೈಗೆ ದುಡ್ಡು ಬರುತ್ತದೆಯೇ? ಟಿ.ವಿ. ಹಣವೆಲ್ಲ ಎಲ್ಲಿಗೆ ಹೋಗುತ್ತದೆ?
– ಇನ್ನೊಬ್ಬ ಓದುಗರು, ಬೆಂಗಳೂರು

ಉತ್ತರ: ಬೌಲ್‌ನ ಹಣ ಹೋಗುವುದು ಸಾಮಾನ್ಯವಾಗಿ ತಂಡದ ಲೀಗ್‌ಗೆ. ಅಲ್ಲಿಂದ ಕಾಲೇಜುಗಳಿಗೆ ಹಂಚಿಕೆಯಾಗುತ್ತದೆ. ಆಟಗಾರನಿಗೆ ಆಯೋಜಕರು ಕೊಡುತ್ತಿದ್ದದ್ದು ಉಡುಗೊರೆ ಮಾತ್ರ. ಹೆಡ್‌ಫೋನೋ, ಗಡಿಯಾರವೋ, ಅದಕ್ಕೂ 550 ಡಾಲರ್ ಮಿತಿ ಇತ್ತು. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ಪಾಲು ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ ಡಾಲರ್ ಮಿತಿಯಲ್ಲಿ. ಅದು ಇಡೀ ವರ್ಷದ, ಎಲ್ಲ ಕ್ರೀಡೆಗಳ ಲೆಕ್ಕ.

ಕಾಲೇಜಿಗೂ ಪ್ರತಿ ಸಲ ಲಾಭವಿಲ್ಲ. 2011ರ ಫಿಯೆಸ್ಟಾ ಬೌಲ್‌ಗೆ ಹೋದ ಕನೆಕ್ಟಿಕಟ್ ಯೂನಿವರ್ಸಿಟಿ ಒಪ್ಪಂದದಂತೆ ಸಾವಿರಾರು ಟಿಕೆಟ್ ಕೊಳ್ಳಬೇಕಿತ್ತು. ಅಷ್ಟು ದೂರದ ಅರಿಜೋನಾಕ್ಕೆ ಹೋಗುವ ಅಭಿಮಾನಿಗಳು ಸಿಗಲಿಲ್ಲ, ಟಿಕೆಟ್ ಮಾರಾಟವಾಗದೆ ಕೈಸುಟ್ಟುಕೊಂಡಿತು. ನನ್ನ ಅಭಿಪ್ರಾಯ ಇಷ್ಟೇ: ಬೌಲ್ ಆಡಿದ ಪ್ರತಿಯೊಬ್ಬನಿಗೂ ಒಂದು ಮೊತ್ತ ಗೊತ್ತುಮಾಡಬೇಕು, ಮಂಡಿಗೆ ಏಟಾದರೆ ಕಳೆದುಕೊಳ್ಳುವ ಸಂಬಳಕ್ಕೆ ಇನ್ಶೂರೆನ್ಸ್ ಅನ್ನು ಆಯೋಜಕರೇ ಮಾಡಿಸಬೇಕು. ಅದಾದ ಮೇಲೂ ಯಾರಾದರೂ ಬರುವುದಿಲ್ಲ ಅಂದರೆ, ಅದು ಅವರ ಇಷ್ಟ.